ಅಳಿಯಂದಿರ ಎಡಗಾಲು

ಫೆಬ್ರವರಿ 9

ಅಪ್ಪಾ,

ಈ ಸಲದ ಕಾಗದ ನನ್ನ ಯೋಗಕ್ಷೇಮಕ್ಕಲ್ಲ, ನಿನ್ನ ಅಳಿಯಂದಿರ ಕಾರಿನ ಯೋಗಕ್ಷೇಮಕ್ಕೆ. ನನಗಿಂತ ನಿನಗೆ ಅದರ ಮೇಲೆಯೇ ಜೀವ ಅನ್ನುವುದು ಗೊತ್ತಿಲ್ಲದ್ದೇನಲ್ಲ. ಮದುವೆಯ ದಿನ ನನ್ನನ್ನು ಕಳಿಸಿಕೊಡುವಾಗ ಕಲ್ಲಿನ ಹಾಗೆ ನಿಂತಿದ್ದವನು, ಆ ಕೆಂಪು ಕಾರು ತಿರುವಿನಲ್ಲಿ ಮರೆಯಾದಾಗ ಕಣ್ಣೊರೆಸಿಕೊಂಡೆ ಅಂತ ಅಮ್ಮ ಇರುವ ತನಕ ಹೇಳಿಕೊಂಡು ನಗುತ್ತಿದ್ದಳು.

ಅದಕ್ಕೆ ಏನೋ ಆಗಿದೆ. ಎಕ್ಸಲರೇಟರ್ ತುಳಿದರೆ ಇಂಜಿನ್ನು ಊರು ಕೇಳುವ ಹಾಗೆ ಕೂಗುತ್ತದೆ, ಗಾಡಿ ಮಾತ್ರ ತನಗೂ ಅದಕ್ಕೂ ಸಂಬಂಧವೇ ಇಲ್ಲದ ಹಾಗೆ ನಿಧಾನಕ್ಕೆ ಹೋಗುತ್ತದೆ. ಸೇತುವೆ ಏರುವಾಗಲಂತೂ ಹಿಂದಿನವರು ಹಾರ್ನ್ ಹೊಡೆದು ಹೊಡೆದು ಮಾನ ಕಳೆಯುತ್ತಾರೆ. ತಂದು ನಿಲ್ಲಿಸಿದ ಮೇಲೆ ಸುಟ್ಟ ವಾಸನೆ. ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಮರೆತಾಗ ಬರುತ್ತದಲ್ಲ, ಅಂಥದ್ದು.

ಮಾವನನ್ನು ಕೇಳು ಅಂದರು ಇವರು. ಫೋನಿನಲ್ಲಿ ಗಂಟಲು ಹರಿದುಕೊಂಡರೂ ನಿನಗೆ ಕೇಳುವುದಿಲ್ಲ, ಮೊಬೈಲಿನ ಅಕ್ಷರ ನಿನಗೆ ಇರುವೆ ಸಾಲು. ಹಾಗಾಗಿ ಕಾಗದ. ಬೇಗ ಬರೆ. ಕಟ್ಟಿಸುವ ಹಲ್ಲು ಮಾಡುವ ನಮ್ಮ ಲ್ಯಾಬು ಸೇತುವೆಯ ಆಚೆಗೆ ಹೋದ ಮೇಲೆ ಆ ಕಡೆಗೆ ಬಸ್ಸಿಲ್ಲ, ಕಾರು ನಿಂತರೆ ಕಷ್ಟ.

ಗುಬ್ಬಿ


ಫೆಬ್ರವರಿ 17

ಗುಬ್ಬಿ,

ಕಾಗದ ನೋಡಿದೆ. ಶೆಡ್ಡಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಗಾಡಿ, ಕೈ ತೊಳೆಯಲೂ ಪುರುಸೊತ್ತಿಲ್ಲ. ಆದರೂ ಅಳಿಯಂದಿರ ಕಾರಿನ ವಿಷಯ, ಊಟ ಬಿಟ್ಟು ಬರೆಯುತ್ತಿದ್ದೇನೆ.

ಅದು ಕ್ಲಚ್ಚು. ನಿನಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಇಂಜಿನ್ನು ಒಂದು ಕಡೆ, ಚಕ್ರ ಇನ್ನೊಂದು ಕಡೆ. ನಡುವೆ ಕ್ಲಚ್ ಪ್ಲೇಟು. ಪೆಡಲು ತುಳಿದರೆ ಇಬ್ಬರೂ ಕೈ ಬಿಡುತ್ತಾರೆ, ಕಾಲು ತೆಗೆದರೆ ಕೈ ಹಿಡಿಯುತ್ತಾರೆ. ಪ್ಲೇಟು ಸವೆದರೆ ಕೈ ಹಿಡಿದ ಹಾಗೆ ಕಾಣುತ್ತದೆ, ಹಿಡಿತ ಇರುವುದಿಲ್ಲ. ಒಬ್ಬ ಓಡುತ್ತಾನೆ, ಇನ್ನೊಬ್ಬನಿಗೆ ಅದು ಮುಟ್ಟುವುದೇ ಇಲ್ಲ. ಅಂಥ ಜೋರಿನ ಇಂಜಿನ್ನಿಗೆ ಇದು ಬಹಳ ಬೇಗ ಗೊತ್ತಾಗುತ್ತದೆ.

ಪರೀಕ್ಷೆ ಹೀಗೆ. ಸಮತಟ್ಟಾದ ಜಾಗ, ಮುಂದೆ ಹಿಂದೆ ಯಾರೂ ಇರಬಾರದು. ಹ್ಯಾಂಡ್‌ಬ್ರೇಕು ಬಿಗಿಯಾಗಿ ಎಳೆದು ಮೂರನೇ ಗೇರಿಗೆ ಹಾಕಿ ಕ್ಲಚ್ಚನ್ನು ಮೆಲ್ಲಗೆ ಬಿಡಬೇಕು. ಇಂಜಿನ್ನು ಪಕ್ಕನೆ ಆಫಾದರೆ ಕ್ಲಚ್ಚು ಬದುಕಿದೆ. ಆಫಾಗದೆ ಗುರುಗುಟ್ಟುತ್ತಲೇ ಇದ್ದರೆ ಪ್ಲೇಟು ಮುಗಿಯಿತು. ಇದನ್ನು ಅಳಿಯಂದಿರೇ ಮಾಡಲಿ. ನೀನು ದೂರ ನಿಂತಿರು, ಸ್ಟೇರಿಂಗು ಹಿಡಿದವಳಲ್ಲ ನೀನು.

ಸದ್ದು ಹೇಗೆ ಬರುತ್ತದೆ ಅಂತ ಅಕ್ಷರದಲ್ಲಿ ಬರೆದು ಕಳಿಸು. ಕಿವಿ ಹೋದರೂ ನೆನಪಿನಲ್ಲಿ ಎಲ್ಲ ಸದ್ದೂ ಇದೆ, ಕೂಡಿಸಿ ನೋಡುತ್ತೇನೆ.

ಇಷ್ಟು ಬೇಗ ಸವೆಯಬಾರದಿತ್ತು. ಅಳಿಯಂದಿರ ಕಾಲು ಬಹಳ ಒಳ್ಳೆಯ ಕಾಲು. ಆಶ್ಚರ್ಯ.

ಅಪ್ಪ


ಫೆಬ್ರವರಿ 20
(ಕಳಿಸಲಿಲ್ಲ)

ಅಪ್ಪಾ,

ಅಳಿಯಂದಿರ ಕಾಲು ಒಳ್ಳೆಯದೇ. ಅದು ಈ ಮನೆಯಿಂದ ಹೊರಗೆ ಹೋಗಿ ಚಳಿಗಾಲ ಪೂರ್ತಿ ಕಳೆಯಿತು.

ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು ಅಂದ. ನಾನೂ ಪೆಟ್ಟಿಗೆ ಕಟ್ಟಲು ಹೊರಟೆ. "ನೀನು ಬರೋದು ಬೇಡ" ಅಂದ. ಜಗಳ ಇಲ್ಲ, ಕೂಗಾಟ ಇಲ್ಲ, ಹಲ್ಲುಜ್ಜಿಕೊಂಡು ಬಂದು ಹೇಳಿದ. ಶೂ, ಶೇವಿಂಗ್ ಸೆಟ್ಟು, ಒಳ್ಳೆಯ ಛತ್ರಿ, ಎಲ್ಲ ತೆಗೆದುಕೊಂಡು ಹೋದ. ಕಾರು ಬಿಟ್ಟು ಹೋದ. ಆ ಊರಿನಲ್ಲಿ ನಿಲ್ಲಿಸಲು ಜಾಗ ಇಲ್ಲವಂತೆ. ಕಾರು ಬಿಟ್ಟು ಹೋದದ್ದಕ್ಕೆ ಒಂದು ಕಾರಣವಾದರೂ ಹೇಳಿದ, ನನ್ನನ್ನು ಬಿಟ್ಟು ಹೋದದ್ದಕ್ಕೆ ಅದೂ ಇಲ್ಲ.

ಆ ಕಾರನ್ನು ಓಡಿಸುತ್ತಿರುವವಳು ನಾನು. ಡ್ರೈವಿಂಗ್ ಸ್ಕೂಲಿನ ಮೆತ್ತಗಿನ ಕಾರಿನಲ್ಲಿ ಕಲಿತು ಈ ರಾಕ್ಷಸನನ್ನು ಹತ್ತಿದೆ. ಆ ಕ್ಲಚ್ಚು ತುಳಿಯುವುದೆಂದರೆ ಕಂತೆ ಬಟ್ಟೆ ತುಳಿದು ಒಗೆದ ಹಾಗೆ, ಸಂಜೆಗೆ ಎಡಗಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಸವೆಸಿದವಳೂ ನಾನೇ.

ನಿನಗೆ ಹೇಗೆ ಹೇಳಲಿ? ಅಮ್ಮ ಹೋದ ಮೇಲೆ ನೀನು ಬಾಯಿ ತುಂಬ ಮಾತಾಡಿದ್ದು ಅವನ ಹತ್ತಿರ ಮಾತ್ರ. ಬಾನೆಟ್ಟು ಎತ್ತಿಕೊಂಡು ಇಬ್ಬರೂ ತಲೆಗೆ ತಲೆ ಕೊಟ್ಟು ನಿಂತರೆ ನಿನ್ನ ಕಿವುಡು ಅಡ್ಡ ಬರುತ್ತಿರಲಿಲ್ಲ. ಅವನು ಕೈಯಲ್ಲಿ ತೋರಿಸುತ್ತಿದ್ದ, ನೀನು ಗಹಗಹಿಸುತ್ತಿದ್ದೆ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ನನಗೆ ಗಂಡ ಹೋದ, ಸರಿ. ನಿನಗೆ ಇರುವ ಒಬ್ಬನೇ ಗೆಳೆಯನನ್ನೂ ನಾನೇ ಕಿತ್ತುಕೊಳ್ಳಲೇ?


ಫೆಬ್ರವರಿ 27

ಅಪ್ಪಾ,

ಪರೀಕ್ಷೆ ಮಾಡಿದರು. ಇಂಜಿನ್ನು ಆಫಾಗಲಿಲ್ಲ, ಗುರುಗುಟ್ಟುತ್ತಲೇ ಇತ್ತು. ನಾನು ದೂರ ನಿಂತು ನೋಡಿದೆ, ನೀನು ಹೇಳಿದ ಹಾಗೆ.

ಸದ್ದು ಬರೆಯುತ್ತೇನೆ, ನಗಬೇಡ. ಪೆಡಲು ತುಳಿದಾಗ "ಸ್ರ್ರ್ರ್" ಅಂತ ಒಣ ಎಲೆ ಗುಡಿಸಿದ ಹಾಗೆ. ಬಿಡುವಾಗ ಸದ್ದಿಲ್ಲ, ಒಂದು ಸಣ್ಣ ನಡುಕ. ಗೇರು ಹಾಕಿ ತುಳಿದಾಗ "ವ್ಯಾಂ" ಅಂತ ಏರಿ ಅಲ್ಲೇ ನಿಲ್ಲುತ್ತದೆ.

ಇವರು ಹೇಗೆ ಓಡಿಸುತ್ತಾರೆ ಅಂತ ನೀನು ಕೇಳುತ್ತೀಯ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಟ್ಟಡದಲ್ಲಿ ಗಾಡಿಗಳು ನೆಲಮಾಳಿಗೆಯಲ್ಲಿ ನಿಲ್ಲುತ್ತವೆ. ಮೇಲಿನ ರಸ್ತೆಗೆ ಬರಲು ಕಡಿದಾದ ಏರು. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಹೊರಡುವುದರಿಂದ ಆ ಏರಿನಲ್ಲೇ ಸಾಲುಗಟ್ಟಿ ನಿಲ್ಲಬೇಕು. ಹಿಂದಿನ ಗಾಡಿ ನಮ್ಮ ಬೆನ್ನಿಗೆ ಮೂತಿ ತಾಗಿಸಿಕೊಂಡು ನಿಂತಿರುತ್ತದೆ. ಆಗ ಇವರು ಕ್ಲಚ್ಚನ್ನು ಅರ್ಧ ಬಿಟ್ಟು, ಎಕ್ಸಲರೇಟರ್ ಸ್ವಲ್ಪ ಕೊಟ್ಟು ಗಾಡಿಯನ್ನು ಅಲ್ಲೇ ಹಿಡಿದು ನಿಲ್ಲಿಸುತ್ತಾರೆ. ಮುಂದೆ ರಸ್ತೆಯಲ್ಲೂ ಎಡಗಾಲು ಪೆಡಲಿನ ಮೇಲೇ ಇರುತ್ತದೆ. ಅದು ತಪ್ಪಾ?

ನಿನಗೆ ಶೀತ ಗೀತ ಏನೂ ಇಲ್ಲ ತಾನೆ?

ಗುಬ್ಬಿ


ಮಾರ್ಚ್ 7

ಗುಬ್ಬಿ,

ತಪ್ಪಾ ಅಂತ ಕೇಳುತ್ತೀಯಲ್ಲ! ಕಾಗದ ಓದಿ ನನ್ನ ತಲೆ ಕೆಟ್ಟುಹೋಯಿತು. ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ಗಾಡಿ ನಿಲ್ಲಿಸುವುದು ಅಂದರೆ ಕ್ಲಚ್ಚನ್ನು ಒಲೆಯ ಮೇಲೆ ಇಟ್ಟ ಹಾಗೆ. ಹ್ಯಾಂಡ್‌ಬ್ರೇಕು ಇರುವುದು ಕೋಟು ನೇತುಹಾಕುವುದಕ್ಕಾ? ಹೊಸದಾಗಿ ಕಾರು ಕೊಂಡ ಹುಡುಗರು ಮಾಡುವ ಕೆಲಸ ಇದು. ಅವರು ಮಾಡುತ್ತಾರೆ ಅಂದರೆ ನಂಬಲು ಮನಸ್ಸೇ ಬರುವುದಿಲ್ಲ.

ನಿನಗೆ ಬೈದು ಪ್ರಯೋಜನವಿಲ್ಲ, ನೀನೇನು ಮಾಡುತ್ತೀಯ ಪಾಪ. ಅವರಿಗೇ ಒಂದು ಕಾಗದ ಇಟ್ಟಿದ್ದೇನೆ. ಲಕೋಟೆ ಅಂಟಿಸಿದ್ದೇನೆ, ಹಾಗೇ ಕೊಡು.

ನನಗೆ ಸ್ವಲ್ಪ ಶೀತ. ಹೋಗುತ್ತದೆ.

ಅಪ್ಪ


ಮಾರ್ಚ್ 7

ಅಳಿಯಂದಿರಿಗೆ ನಮಸ್ಕಾರ.

ಬುದ್ಧಿ ಹೇಳುವಷ್ಟು ದೊಡ್ಡವನಲ್ಲ ನಾನು, ಆದರೆ ಸುಮ್ಮನಿರಲೂ ಆಗುವುದಿಲ್ಲ. ನಿಮ್ಮ ಪಕ್ಕದಲ್ಲಿ ಮೊದಲ ಸಲ ಕೂತು ಹೋದದ್ದು ನನಗೆ ನೆನಪಿದೆ. ಗೇರು ಯಾವಾಗ ಬದಲಾಯಿತು ಅನ್ನುವುದು ಸೀಟಿಗೆ ಒರಗಿದ ಬೆನ್ನಿಗೂ ಗೊತ್ತಾಗಲಿಲ್ಲ. ಮನೆಗೆ ಬಂದು ನಿಮ್ಮ ಅತ್ತೆಗೆ "ಹುಡುಗಿಯನ್ನು ಒಳ್ಳೆಯ ಕಡೆ ಕೊಟ್ಟಿದ್ದೇವೆ" ಅಂದಿದ್ದೆ.

ಅಂಥ ಕಾಲು ಹೀಗೆ ಕೆಡಬೇಕಾದರೆ ಅದು ಕಾಲಿನ ದೋಷವಲ್ಲ. ಇಷ್ಟು ವರ್ಷ ಊರವರ ಕ್ಲಚ್ಚು ಬಿಚ್ಚಿ ನೋಡಿದ್ದೇನೆ. ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರಿಗೆ ಜೋರು ಮಾಡುವ ಚಟ ಇರುವುದಿಲ್ಲ, ಹೆದರಿಕೆ ಇರುತ್ತದೆ. ಯಾವ ಕ್ಷಣದಲ್ಲಿ ಏನಾಗುತ್ತದೋ, ಕಾಲು ಸಿದ್ಧವಾಗಿರಲಿ ಅಂತ. ನಿಮಗೇನಾದರೂ ತೊಂದರೆಯೇ? ಕೆಲಸದಲ್ಲಿ ಕಿರುಕುಳವೇ? ಗುಬ್ಬಿಗೆ ಹೇಳಲಾಗದ್ದು ಏನಾದರೂ ಇದ್ದರೆ ನನಗೆ ಬರೆಯಿರಿ. ಕಿವುಡನಿಗೆ ಹೇಳಿದ ಮಾತು ಹೊರಗೆ ಹೋಗುವುದಿಲ್ಲ.

ಇನ್ನು ಮುಂದೆ ಏರಿನಲ್ಲಿ ಹ್ಯಾಂಡ್‌ಬ್ರೇಕು ಎಳೆದು ಎರಡೂ ಕಾಲು ಆರಾಮ ಬಿಡಿ. ಮುಂದಿನವನು ಹೊರಟ ಮೇಲೆ ಕ್ಲಚ್ಚು ಬಿಡುತ್ತಾ ಬನ್ನಿ, ಗಾಡಿಯ ಮೂತಿ ಸ್ವಲ್ಪ ಎದ್ದ ಹಾಗಾಗುತ್ತದೆ, ಆಗ ಬ್ರೇಕು ಇಳಿಸಿ. ಹಿಂದಕ್ಕೆ ಒಂದು ಕೂದಲೆಳೆಯೂ ಜಾರುವುದಿಲ್ಲ. ಹಿಂದಿನವನನ್ನು ಕನ್ನಡಿಯಲ್ಲಿ ನೋಡುತ್ತಾ ಕೂರಬೇಡಿ.

ನಿಮ್ಮ ಮಾವ


ಮಾರ್ಚ್ 16

ಮಾವನವರಿಗೆ ನಮಸ್ಕಾರಗಳು.

ನನ್ನ ಕೈಬರಹ ನಿಮಗೆ ಗೊತ್ತೇ ಇದೆ, ಕೋಳಿ ಕೆದರಿದ ಹಾಗೆ. ಅದಕ್ಕೇ ಟೈಪ್ ಮಾಡಿದ್ದೇನೆ.

ನೀವು ಹೇಳಿದ್ದು ನಿಜ. ಹೆದರಿಕೆಯೇ. ಆ ಏರಿನಲ್ಲಿ ಹಿಂದಕ್ಕೆ ಜಾರಿ ಯಾರಿಗಾದರೂ ತಾಗಿಬಿಟ್ಟರೆ, ಅವರು ಇಳಿದು ಬಂದು ಕೂಗಾಡಿದರೆ, ನನ್ನ ಪರವಾಗಿ ಮಾತಾಡುವವರು ಯಾರೂ ಇಲ್ಲದಿದ್ದರೆ ಅಂತ. ಇತ್ತೀಚೆಗೆ ಎಲ್ಲದಕ್ಕೂ ಹೀಗೆ ಆಗುತ್ತದೆ. ಬಾಗಿಲು ಹಾಕಿದೆನೋ ಇಲ್ಲವೋ ಅಂತ ಮೆಟ್ಟಿಲು ಹತ್ತಿ ಬಂದು ನೋಡುತ್ತೇನೆ. ಯಾರಿಗೂ ಹೇಳಿರಲಿಲ್ಲ. ನೀವು ಕೇಳಿದ ಮೇಲೆ ಅರ್ಧ ಭಾರ ಇಳಿದ ಹಾಗಾಯಿತು.

ಈ ವಾರ ನೀವು ಹೇಳಿದ ಹಾಗೆಯೇ ಮಾಡಿದೆ. ಮೂತಿ ಎದ್ದದ್ದು ಗೊತ್ತಾಯಿತು, ಬ್ರೇಕು ಇಳಿಸಿದೆ, ಗಾಡಿ ಜಾರಲಿಲ್ಲ. ರಸ್ತೆಗೆ ಬಂದ ಮೇಲೆ ಒಬ್ಬನೇ ಜೋರಾಗಿ ನಕ್ಕುಬಿಟ್ಟೆ. ಆದರೆ ಪ್ಲೇಟು ಮೊದಲೇ ಹೋಗಿದೆಯಲ್ಲ, ಸೇತುವೆ ಏರುವಷ್ಟರಲ್ಲಿ ಮತ್ತೆ ಅದೇ ಗೋಳು.

ಮಾವ, ನೀವು ಹೇಗಿದ್ದೀರಿ? ಶೆಡ್ಡಿನ ಸುದ್ದಿ ಬೇಡ, ನೀವು ಹೇಗಿದ್ದೀರಿ?

ನಿಮ್ಮ ಅಳಿಯ


ಮಾರ್ಚ್ 25

ಅಳಿಯಂದಿರೇ,

ನಿಮ್ಮ ಕಾಗದ ಎಷ್ಟು ಸಲ ಓದಿದೆ ಅಂತ ಹೇಳಿದರೆ ನಗುತ್ತೀರಿ. ನೀವು ಹೇಗಿದ್ದೀರಿ ಅಂತ ಒಬ್ಬರು ಕೇಳಿ ಯಾವ ಕಾಲವಾಯಿತೋ. ಗುಬ್ಬಿ ಕೇಳುತ್ತಾಳೆ, ಶೀತ ಇದೆಯಾ, ಔಷಧಿ ತಗೊಂಡೆಯಾ ಅಂತ. ಅದಕ್ಕೆ ಇದೆ, ಇಲ್ಲ ಅಂದರೆ ಮುಗಿಯಿತು. ಇದು ಬೇರೆ.

ನಿಮಗೆ ನಿಜ ಹೇಳುತ್ತೇನೆ, ಅವಳಿಗೆ ಹೇಳಬೇಡಿ. ಲಕೋಟೆಗೆ ಅದಕ್ಕೇ ಎರಡು ಸಲ ಅಂಟು ಹಾಕಿದ್ದೇನೆ. ಅವಳು ಒಡೆದು ಓದುವವಳಲ್ಲ, ಆದರೂ.

ಶೆಡ್ಡಿಗೆ ಗಾಡಿ ಬರುವುದಿಲ್ಲ. ಬೆಳಿಗ್ಗೆ ಶಟರ್ ಎತ್ತುತ್ತೇನೆ, ನೆಲ ಗುಡಿಸುತ್ತೇನೆ, ಸ್ಟೂಲು ಹಾಕಿ ಕೂರುತ್ತೇನೆ, ಸಂಜೆ ಶಟರ್ ಇಳಿಸುತ್ತೇನೆ. ಗಾಡಿ ತಂದವರು ಏನಾಗಿದೆ ಅಂತ ಹೇಳಬೇಕು, ನಾನು ಕೇಳಿಸಿಕೊಳ್ಳಬೇಕು. ಮೊದಮೊದಲು ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದರು. ಆಮೇಲೆ ಅದೂ ಬೇಸರ ಬಂತು. ಎದುರಿನ ಬೇಕರಿಯವಳು ಒಳ್ಳೆಯವಳು, ಆದರೆ ಅವಳೂ ಈಗ ಬೆರಳು ತೋರಿಸುತ್ತಾಳೆ ಅಷ್ಟೇ. ಒಂದೋ, ಎರಡೋ. ಬ್ರೆಡ್ಡಿಗೆ ಅಷ್ಟು ಮಾತು ಸಾಕು ತಾನೆ.

ಶೀತ ಅಂತ ಅವಳಿಗೆ ಬರೆದೆನಲ್ಲ, ಶೀತವಲ್ಲ. ಶೆಡ್ಡಿನ ಮುಂದೆ ಬಗ್ಗಿ ಏನೋ ಹೆಕ್ಕುತ್ತಿದ್ದೆ, ವ್ಯಾನೊಂದು ರಿವರ್ಸ್ ಬಂತು. ಹಾರ್ನ್ ಹೊಡೆದನಂತೆ. ಯಾರಿಗೆ ಹೊಡೆದ? ಪಕ್ಕೆಗೆ ತಾಗಿ ಬಿದ್ದೆ. ಮೂಳೆ ಮುರಿದಿಲ್ಲ, ಮಲಗಿದರೆ ನೋಯುತ್ತದೆ, ಕೂತೇ ನಿದ್ದೆ ಮಾಡುತ್ತೇನೆ.

ಮನೆಯಲ್ಲಿ ಒಬ್ಬನೇ ಇದ್ದಾಗ ಮಾತಾಡಿ ನೋಡುತ್ತೇನೆ. ಕಿವಿಗೆ ಕೇಳುವುದಿಲ್ಲವಲ್ಲ, ಗಂಟಲ ಮೇಲೆ ಅಂಗೈ ಇಟ್ಟುಕೊಳ್ಳುತ್ತೇನೆ. ಗುರುಗುರು ಅನ್ನುತ್ತದೆ. ಸರಿ, ಮಾತು ಇನ್ನೂ ಇದೆ ಅಂತ ಸಮಾಧಾನ ಮಾಡಿಕೊಂಡು ದೀಪ ಆರಿಸುತ್ತೇನೆ.

ನಿಮ್ಮ ಹೆದರಿಕೆ ಹೋಗುತ್ತದೆ. ನೀವು ಒಬ್ಬರೇ ಅಲ್ಲ, ಗುಬ್ಬಿ ಇದ್ದಾಳೆ. ಜೊತೆಗೊಬ್ಬರಿದ್ದಾಗ ಹೆದರಿಕೆ ಹೆಚ್ಚು ದಿನ ಉಳಿಯುವುದಿಲ್ಲ.

ನಿಮ್ಮ ಮಾವ


ಮಾರ್ಚ್ 25

ಗುಬ್ಬಿ,

ಇಲ್ಲಿ ಎಲ್ಲ ಕ್ಷೇಮ. ಶೀತ ವಾಸಿಯಾಯಿತು. ಕೆಲಸ ಜಾಸ್ತಿ. ಅಳಿಯಂದಿರ ಕಾಗದ ಜೊತೆಗಿದೆ, ಕೊಡು.

ಅಪ್ಪ


ಏಪ್ರಿಲ್ 3

ಮಾವನವರಿಗೆ,

ನೀವು ಬರೆದದ್ದನ್ನು ಆಫೀಸಿನ ಮೆಟ್ಟಿಲ ಮೇಲೆ ಕೂತು ಓದಿದೆ. ಮುಗಿಸಿ ಮತ್ತೆ ಮೊದಲಿನಿಂದ ಓದಿದೆ. ಪಕ್ಕೆಯನ್ನು ದಯವಿಟ್ಟು ಡಾಕ್ಟರಿಗೆ ತೋರಿಸಿ. ನಾಳೆ ನಾಡಿದ್ದು ಅನ್ನಬೇಡಿ. ಬೇಕರಿಯವಳನ್ನು ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರು ಹೇಳಿದ್ದನ್ನು ಅವಳು ಬರೆದು ತೋರಿಸಲಿ. ಮಲಗುವಾಗ ನೋಯದ ಬದಿಗೆ ದಿಂಬು ಕೊಟ್ಟುಕೊಳ್ಳಿ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಇದನ್ನೆಲ್ಲ ಅವಳಿಗೆ ಯಾಕೆ ಹೇಳುವುದಿಲ್ಲ? ಅವಳು ನಿಮ್ಮ ಮಗಳು. ನಾನು ನಿನ್ನೆ ಮೊನ್ನೆ ಬಂದವನು. ಎಲ್ಲ ಕ್ಷೇಮ ಅಂತ ನೀವು ಬರೆದ ಚೀಟಿಯನ್ನು ಅವಳು ಓದಿ ಮಡಿಸಿಡುವುದನ್ನು ನೋಡಿದೆ. ಅವಳಿಗೂ ಬೇಜಾರಾಗುತ್ತದೆ ಮಾವ. ಹೇಳಿಕೊಳ್ಳುವುದಿಲ್ಲ ಅಷ್ಟೇ.

ನಿಮ್ಮ ಅಳಿಯ


ಏಪ್ರಿಲ್ 12

ಅಳಿಯಂದಿರೇ,

ಡಾಕ್ಟರಿಗೆ ತೋರಿಸಿದೆ. ಬೇಕರಿಯವಳು ಬಂದಳು. ನೀವು ಹೇಳಿದಿರಿ ಅಂತ ಕೇಳಿದೆ, ಇಲ್ಲದಿದ್ದರೆ ನನ್ನ ಬಾಯಿಂದ ಬರುತ್ತಿರಲಿಲ್ಲ. ಪಕ್ಕೆಗೆ ಪಟ್ಟಿ ಸುತ್ತಿದ್ದಾರೆ. ನಿನ್ನೆ ಮಲಗಿ ನಿದ್ದೆ ಮಾಡಿದೆ.

ಗುಬ್ಬಿಗೆ ಯಾಕೆ ಹೇಳುವುದಿಲ್ಲ ಅಂದಿರಿ. ಅವಳ ತಾಯಿ ಹೋದ ದಿನ ನಾನು ಹಿತ್ತಿಲಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದೆ. ಅವಳು ಹಿಂದೆ ಬಂದು ಕರೆದಳಂತೆ, ತುಂಬ ಸಲ. ನನಗೆ ಆಗಲೇ ಕಿವಿ ಹೋಗುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ತಿರುಗಲಿಲ್ಲ. ಅಪ್ಪನಿಗೆ ನಾನು ಬೇಡ ಅಂದುಕೊಂಡು ಹೋದಳು. ಆಮೇಲೆ ಕಿವುಡು ಅಂತ ಗೊತ್ತಾಯಿತು, ಸರಿ. ಆದರೆ ಆವತ್ತಿನಿಂದ ನಮ್ಮಿಬ್ಬರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಬರುವುದೇ ಇಲ್ಲ. ಅವಳದೂ ಹಲ್ಲಿನ ಕೆಲಸ, ನನ್ನ ಗೇರಿನದೂ ಹಲ್ಲಿನ ಕೆಲಸ ಅಂತ ತಮಾಷೆ ಮಾಡಿಕೊಂಡು ಕಾಲ ಹಾಕುತ್ತೇವೆ. ನಾನು ಒಬ್ಬನೇ ಇದ್ದೇನೆ ಅಂತ ಹೇಳಿದರೆ ಕೆಲಸ ಬಿಟ್ಟು ಓಡಿ ಬರುತ್ತಾಳೆ, ಬಂದು ಕನಿಕರದ ಮುಖ ಹೊತ್ತುಕೊಂಡು ಕೂರುತ್ತಾಳೆ. ಅದನ್ನು ನೋಡಲು ನನ್ನಿಂದಾಗದು.

ನಾನು ಈಗ ನೆಮ್ಮದಿಯಾಗಿರುವುದೇ ಆ ಮನೆಯಲ್ಲಿ ನೀವಿದ್ದೀರಿ ಅನ್ನುವುದರಿಂದ. ನನ್ನ ಗುಬ್ಬಿ ಒಬ್ಬಳೇ ಇಲ್ಲ. ಅದೊಂದು ನನಗೆ ಸಾಕು.

ಕ್ಲಚ್ಚಿಗೆ ಬೇರೆ ಯಾರ ಕೈಯನ್ನೂ ಹಾಕಿಸಬೇಡಿ. ನಾನೇ ಬರುತ್ತೇನೆ. ಮೇ ಎರಡರ ಮಧ್ಯಾಹ್ನದ ಬಸ್ಸಿಗೆ ಬಂದಿಳಿಯುತ್ತೇನೆ. ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಮೂರೂ ಒಟ್ಟಿಗೆ ಬದಲಿಸೋಣ, ಒಂದು ಹೊಸದು ಎರಡು ಹಳೆಯದು ಸೇರುವುದಿಲ್ಲ. ಗೇರ್‌ಬಾಕ್ಸು ಇಳಿಸುವಾಗ ಕೆಳಗಿನಿಂದ ಹಿಡಿದುಕೊಳ್ಳಲು ಒಬ್ಬರು ಬೇಕು. ನೀವು ಹಿಡಿದುಕೊಳ್ಳಿ, ನಾನು ಬೋಲ್ಟು ಬಿಚ್ಚುತ್ತೇನೆ. ಹೀಗೆ ಜೊತೆಗೆ ಕೆಲಸ ಮಾಡಿ ಎಷ್ಟು ಕಾಲವಾಯಿತು! ಸ್ಪ್ಯಾನರುಗಳನ್ನೆಲ್ಲ ಒರೆಸಿ ಚೀಲಕ್ಕೆ ಹಾಕಿಟ್ಟಿದ್ದೇನೆ.

ನಿಮ್ಮ ಮಾವ


ಏಪ್ರಿಲ್ 20

ಅಪ್ಪಾ,

ಇದು ನಾನು. ಗುಬ್ಬಿ.

ಬರುವುದು ಬೇಡ. ಬಂದರೆ ಗೇರ್‌ಬಾಕ್ಸು ಹಿಡಿದುಕೊಳ್ಳಲು ಇಲ್ಲಿ ಯಾರೂ ಇಲ್ಲ. ಅವನು ಹೋಗಿದ್ದಾನೆ ಅಪ್ಪ. ಚಳಿಗಾಲಕ್ಕೆ ಮುಂಚೆಯೇ ಹೋದ. ವಾಪಸು ಬರುವುದಿಲ್ಲ ಅಂತ ಹೇಳಿಯೇ ಹೋದ. ಕಾರು ಓಡಿಸುವವಳು ನಾನು. ಏರಿನಲ್ಲಿ ಹಾಫ್ ಕ್ಲಚ್ಚು ಹಿಡಿದು ಕೂತವಳು ನಾನು. ನೀನು ಅಷ್ಟು ಹೊಗಳುತ್ತಿದ್ದ ಆ ಎಡಗಾಲಿಗೆ ಕೆಟ್ಟ ಹೆಸರು ತಂದವಳೂ ನಾನೇ. ಮೊದಲು ಅವನಿಗೆ ನಿನ್ನಿಂದ ಬೈಗುಳ ಕೊಡಿಸಲು ಸ್ವಲ್ಪ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ನಿನ್ನ ಲಕೋಟೆಗಳನ್ನು ಒಡೆದವಳು ನಾನು. ಟೈಪ್ ಮಾಡಿದವಳೂ ನಾನು. ಮೊದಲನೆಯದನ್ನು ಒಡೆದಾಗ ಬೈಗುಳ ಇರುತ್ತದೆ ಅಂದುಕೊಂಡಿದ್ದೆ. "ನಿಮಗೇನಾದರೂ ತೊಂದರೆಯೇ" ಅಂತ ಇತ್ತು. ಅವನು ಹೋದ ಮೇಲೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಲ್ಯಾಬಿನಲ್ಲಿ ಮಾಸ್ಕು ಹಾಕಿಕೊಂಡು ಇನ್ನೊಬ್ಬರ ಹಲ್ಲು ಉಜ್ಜುತ್ತಾ ದಿನಗಟ್ಟಲೆ ಬಾಯಿ ಬಿಡದೆ ಇರುತ್ತೇನೆ. ನೀನು ಕೇಳಿದ್ದು ಅವನನ್ನೇ ಇರಬಹುದು, ಉತ್ತರ ಹೇಳದೆ ಇರಲು ನನ್ನಿಂದಾಗಲಿಲ್ಲ. ಆ ಹೆದರಿಕೆ ನನ್ನದು. ಮೆಟ್ಟಿಲು ಹತ್ತಿ ಬಂದು ಬಾಗಿಲು ನೋಡುವವಳು ನಾನು.

ಆಮೇಲೆ ಅವನ ಹೆಸರಿನಲ್ಲಿ ನೀನು ಹೇಗಿದ್ದೀಯ ಅಂತ ಕೇಳಿದೆ. ನನ್ನ ಹೆಸರಿನಲ್ಲಿ ಕೇಳಿದ್ದರೆ ನೀನು ಎಲ್ಲ ಕ್ಷೇಮ ಅನ್ನುತ್ತಿದ್ದೆ. ಹಿತ್ತಿಲಲ್ಲಿ ಕರೆದದ್ದು ನಿನಗೆ ಕೇಳಿರಲಿಲ್ಲ ಅನ್ನುವುದು ನನಗೆ ಎಂದೋ ಗೊತ್ತು. ನಿನ್ನ ಮನಸ್ಸಿನಲ್ಲಿ ಅದು ಇನ್ನೂ ಕೊರೆಯುತ್ತಿದೆ ಅನ್ನುವುದು ಗೊತ್ತಿರಲಿಲ್ಲ.

ನೀನು ಬರುತ್ತೀಯ ಅಂತ ಓದಿದೆ. ಮರುದಿನವೇ ಇಲ್ಲಿನ ವರ್ಕ್‌ಶಾಪಿಗೆ ಕೊಟ್ಟು ಕ್ಲಚ್ಚು ಬದಲು ಮಾಡಿಸಿಬಿಟ್ಟೆ. ಮೂರೂ ಹೊಸದು, ನೀನು ಹೇಳಿದ ಹಾಗೆ. ನೀನು ಬರಬಾರದು ಅಂತಲೇ ಮಾಡಿಸಿದೆ. ಈ ಮನೆಯಲ್ಲಿ ಒಂದು ಕುರ್ಚಿಯ ಮೇಲೆ ಬಟ್ಟೆ ರಾಶಿ ಹಾಕಿಟ್ಟಿದ್ದೇನೆ, ಖಾಲಿ ಕಾಣದಿರಲಿ ಅಂತ. ಅದನ್ನು ನೀನು ನೋಡುವುದು ಬೇಡ.

ನಿನ್ನ ನೆಮ್ಮದಿ ಕೆಡಿಸಿದೆ. ಬೈದು ಬರೆ, ಆದರೆ ಬರೆ.

ಗುಬ್ಬಿ


ಮೇ 4

ಅಪ್ಪಾ,

ಕಾಗದ ತಲುಪಿತಾ? ಎರಡನೇ ತಾರೀಕು ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಬರಬೇಡ ಅಂದವಳೇ ಹೋಗಿ ನಿಂತೆ. ಮಧ್ಯಾಹ್ನದ ಬಸ್ಸಿನಿಂದ ಕೊನೆಯವರು ಇಳಿಯುವ ತನಕ ನೋಡಿದೆ. ಡ್ರೈವರು ಬಾಗಿಲು ಹಾಕಿಕೊಂಡು ಹೋದ. ನೀನು ಇಳಿಯಲಿಲ್ಲ. ಸರಿಯೇ ಮಾಡಿದೆ.

ಪಕ್ಕೆಯ ಪಟ್ಟಿ ಬಿಚ್ಚಿದರಾ?

ಗುಬ್ಬಿ


ಮೇ 13

ಗುಬ್ಬಿ,

ಎರಡೂ ಕಾಗದ ತಲುಪಿದವು. ಉತ್ತರ ಬರೆಯದೆ ಕೂತದ್ದು ಸಿಟ್ಟಿಗೆ. ಅಂಟಿಸಿದ ಲಕೋಟೆ ನೀನು ಒಡೆದೆ, ಇನ್ನೊಬ್ಬರ ಹೆಸರಿನಲ್ಲಿ ನನ್ನ ಬಾಯಿ ಬಿಡಿಸಿದೆ. ಗಂಡಸರ ನಡುವಿನ ಮಾತು ಅಂದುಕೊಂಡು ಬರೆದದ್ದನ್ನೆಲ್ಲ ಮಗಳು ಓದಿದಳು ಅಂತ ಗೊತ್ತಾದಾಗ ಬಟ್ಟೆ ಇಲ್ಲದೆ ಬೀದಿಯಲ್ಲಿ ನಿಂತ ಹಾಗಾಯಿತು ನನಗೆ. ಬೇಕರಿಯವಳು ಬ್ರೆಡ್ಡು ತಂದುಕೊಟ್ಟರೂ ಬಾಗಿಲು ತೆಗೆಯಲಿಲ್ಲ.

ಆಮೇಲೆ ಸಿಟ್ಟು ಅವನ ಮೇಲೆ ತಿರುಗಿತು. ಬಾಯಿಗೆ ಬಂದದ್ದನ್ನೆಲ್ಲ ಬರೆದೆ. ಕಳಿಸುವುದು ಎಲ್ಲಿಗೆ? ಹರಿದು ಹಾಕಿದೆ.

ಒಂದು ಮಾತು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನೀನು ಒಬ್ಬಳೇ ಇದ್ದೀಯ ಅಂತ ಓದಿದಾಗ ನಾನು ಮೊದಲು ಅತ್ತದ್ದು ನಿನಗಾಗಿ ಅಲ್ಲ. "ಮಾವ, ನೀವು ಹೇಗಿದ್ದೀರಿ" ಅಂತ ಕೇಳಿದ ಆ ಹುಡುಗ ಇಲ್ಲವಲ್ಲ ಅಂತ ಅತ್ತೆ. ಸತ್ತವರಿಗೆ ಅಳುವ ಹಾಗೆ ಅತ್ತೆ. ಮುದುಕನ ಬುದ್ಧಿ ನೋಡು. ಅವನು ಇದ್ದದ್ದಾದರೂ ಯಾವಾಗ? ಬಾನೆಟ್ಟು ಎತ್ತಿ ನಿಂತಾಗ ಅವನು ಕೇಳುತ್ತಿದ್ದದ್ದೆಲ್ಲ ಕಾರಿನ ವಿಷಯ, ಒಂದು ದಿನವೂ ನನ್ನ ವಿಷಯ ಕೇಳಿರಲಿಲ್ಲ. ಡಾಕ್ಟರ ಹತ್ತಿರ ಕಳಿಸಿದವಳು ನೀನು. ದಿಂಬು ಕೊಟ್ಟುಕೋ ಅಂದವಳು ನೀನು. ನಾನು ಇಷ್ಟು ದಿನ ಮಾತಾಡಿದ್ದು ನಿನ್ನ ಹತ್ತಿರ. ಇದು ತಲೆಗೆ ಇಳಿಯಲು ಇಷ್ಟು ಹೊತ್ತು ಬೇಕಾಯಿತು.

ಬಸ್ ನಿಲ್ದಾಣದಲ್ಲಿ ನೀನು ನಿಂತದ್ದನ್ನೇ ಮತ್ತೆ ಮತ್ತೆ ನೆನೆಯುತ್ತೇನೆ. ಟಿಕೇಟು ನನ್ನ ಜೇಬಿನಲ್ಲೇ ಇತ್ತು. ಆವತ್ತು ಇಲ್ಲಿ ಸ್ಟೂಲಿನ ಮೇಲೆ ಕೂತು, ಈಗ ಬಸ್ಸು ಹೊರಟಿರುತ್ತದೆ, ಈಗ ಮುಟ್ಟಿರುತ್ತದೆ ಅಂತ ಗಡಿಯಾರ ನೋಡುತ್ತಿದ್ದೆ.

ಅವನಿಗೆ ಬರೆದ ಹಾಗೆ ನಿನಗೆ ಬರೆಯಲು ನನಗೆ ಬರುವುದಿಲ್ಲ ಗುಬ್ಬಿ. ಬರೆದು ನೋಡುತ್ತೇನೆ. ನನಗೆ ಒಂಟಿ ಅನಿಸುತ್ತದೆ. ತುಂಬ ಅನಿಸುತ್ತದೆ. ನಿನಗೂ ಹಾಗೇ ಅನಿಸುತ್ತದೆ ಅಂತ ಈಗ ಗೊತ್ತಾಯಿತು, ಅದರಿಂದ ಹಗುರವಾಗಲಿಲ್ಲ, ಇನ್ನೂ ಭಾರವಾಯಿತು.

ಪಟ್ಟಿ ಬಿಚ್ಚಿದರು. ಕ್ಲಚ್ಚು ಆಯಿತಲ್ಲ, ಚೀಲದಿಂದ ಸ್ಪ್ಯಾನರುಗಳನ್ನು ತೆಗೆದು ಗೋಡೆಗೆ ನೇತುಹಾಕಿದೆ. ಇಷ್ಟು ವರ್ಷ ನಿನ್ನ ಮನೆಗೆ ಬಂದಾಗಲೆಲ್ಲ ಏನಾದರೂ ರಿಪೇರಿ ಅಂತಲೇ ಬಂದವನು ನಾನು. ಸೋರುವ ನಲ್ಲಿ, ಅಲುಗುವ ಮೇಜು, ಕಿಟಕಿಯ ಚಿಲಕ, ಏನೋ ಒಂದು. ಸುಮ್ಮನೆ ಬಂದು ಕೂತು ಹೋದದ್ದು ನೆನಪಿಲ್ಲ. ಈಗ ಅಲ್ಲಿ ನಾನು ಸರಿಮಾಡುವುದು ಏನೂ ಇಲ್ಲ.

ಸುಮ್ಮನೆ ಬರಬಹುದಾ, ಗುಬ್ಬಿ?

ಅಪ್ಪ